ತಲೆಯಾಡಿಸದವನು

"ಯಜಮಾನ್ರೇ, ಅರ್ಥ ಆಯ್ತಾ? ಬಾಯಲ್ಲಿ ಬರದಿದ್ರೆ ತಲೆನಾದ್ರೂ ಆಡಿಸಿ," ಎಂದಳು ಟೀಚರು.

ಮುದುಕ ತಲೆಯಾಡಿಸಲಿಲ್ಲ. ಕೊನೆಯ ಬೆಂಚಿನಲ್ಲಿ ನೆಟ್ಟಗೆ ಕೂತು ಅವಳ ತುಟಿಯನ್ನೇ ನೋಡುತ್ತಿದ್ದ. ಉಳಿದವರು ಕಿಸಕ್ಕೆಂದರು. ಪೋರ್ಚುಗೀಸ್ ಕಲಿಯಲು ಬಂದವರಲ್ಲಿ ಹಡಗಿನ ಕೆಲಸ ಹುಡುಕುವವರಿದ್ದರು, ಹೋಟೆಲಿನವರಿದ್ದರು, ಒಬ್ಬಳು ನರ್ಸಿದ್ದಳು. ಎಲ್ಲರೂ ಅವನ ಮಕ್ಕಳ ವಯಸ್ಸಿನವರೇ. ಬೀಗ ರಿಪೇರಿ ಅಂಗಡಿಯ ಮೇಲಿನ ಆ ಕೋಣೆಯ ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಮುದುಕ ಯಾವಾಗಲೂ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದ.

"ಆಯ್ತು," ಎಂದ.

ಪಾಠ ಮುಗಿದ ಮೇಲೆ ಟೀಚರು ಅವನನ್ನು ನಿಲ್ಲಿಸಿಕೊಂಡಳು. "ಬೇಜಾರು ಮಾಡ್ಕೋಬೇಡಿ. ನೀವು ಓದಿರೋದು ಮೂರನೇ ಕ್ಲಾಸು. ಮುಂದಿನ ಪಾಠ ಇನ್ನೂ ಕಷ್ಟ. ನಿಮಗೆ ತಿಳೀತೋ ಇಲ್ವೋ ಅನ್ನೋದೇ ನನಗೆ ಗೊತ್ತಾಗಲ್ಲ. ಗೋಡೆಗೆ ಪಾಠ ಹೇಳಿದ ಹಾಗಿರುತ್ತೆ."

"ಬಂದರಲ್ಲಿ ನನ್ನ ಕಂಬ ಅಂತಿದ್ರು ಟೀಚರಮ್ಮ. ಗೋಡೆ ಅಂದ್ರೆ ಬಡ್ತಿ ಸಿಕ್ಕ ಹಾಗಾಯ್ತು."

ಅವಳಿಗೆ ನಗು ಬಂತು. ಬೆಂಚಿನ ಮೇಲೆ ಕೂತಳು. "ನಿಜ ಹೇಳಿ, ಈ ವಯಸ್ಸಲ್ಲಿ ಇದ್ಯಾಕೆ ನಿಮಗೆ?"

ಹೆಂಡತಿಯ ಹೊರತು ಯಾರಿಗೂ ಹೇಳದಿದ್ದುದನ್ನು ಮುದುಕ ಅವಳಿಗೆ ಹೇಳಿದ.

ಅವನು ಕ್ರೇನಿಗೆ ಸನ್ನೆ ಕೊಡುವವನಾಗಿದ್ದ. ಮೇಲೆ ಗೂಡಿನಲ್ಲಿ ಕೂತ ಕ್ರೇನಿನವನಿಗೆ ಹಡಗಿನ ಹೊಟ್ಟೆಯ ಒಳಗೆ ಏನಿದೆಯೆಂದು ಕಾಣದು. ಅಂಚಿನಲ್ಲಿ ನಿಂತ ಸನ್ನೆಗಾರನೇ ಅವನ ಕಣ್ಣು; ಭಾರ ತಳ ಮುಟ್ಟುವ ತನಕ ಸನ್ನೆಗಾರ ಅದರ ಮೇಲಿಂದ ಕಣ್ಣು ಕೀಳುವಂತಿಲ್ಲ. ಅಂಗೈ ಕೆಳಗೆ ಮಾಡಿದರೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ಅವರಿಬ್ಬರದು ಹತ್ತು ವರ್ಷದ ಜೋಡಿ. ದಿನವೆಲ್ಲ ಕೈ ಎತ್ತಿ ತೋಳು ಸೋತಾಗ, ಇವನು ಬರಿ ತಲೆಯಾಡಿಸಿದರೂ ಕ್ರೇನಿನವನು ಭಾರ ಇಳಿಸುತ್ತಿದ್ದ. ಯಾವ ಕಾಯಿದೆಯಲ್ಲೂ ಇಲ್ಲದ ಸನ್ನೆ ಅದು. ಅವರಿಬ್ಬರ ನಡುವೆ ಮಾತ್ರ ನಡೆಯುತ್ತಿತ್ತು.

ಇಪ್ಪತ್ತಾರು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಮೂಟೆ ತುಂಬಿದ ಬಲೆ ಗಾಳಿಯಲ್ಲಿ ನಿಂತಿತ್ತು. ಕೆಳಗೆ ಪೋರ್ಚುಗೀಸ್ ಮಾತಾಡುವ ನಾವಿಕನೊಬ್ಬ ಬಗ್ಗಿ, ಜಾರಿದ ಮೂಟೆಯೊಂದನ್ನು ಸರಿಸುತ್ತಿದ್ದ. ಬೆನ್ನ ಹಿಂದಿನಿಂದ ಯಾರೋ, "ಟೀ ಹೇಳ್ಲಾ?" ಎಂದರು. ಇವನು ತಲೆಯಾಡಿಸಿದ.

ಬಲೆ ಇಳಿಯಿತು.

ನಾವಿಕನೇ ಕುಡಿದು ಭಾರದ ಕೆಳಗೆ ಹೋದನೆಂದು ವಿಚಾರಣೆಯವರು ಬರೆದುಕೊಂಡರು. "ನಮ್ಮಿಬ್ಬರ ಮನೇಲೂ ಮಕ್ಕಳಿದಾವೆ, ಬಾಯಿ ಹೊಲ್ಕೊ," ಎಂದ ಕ್ರೇನಿನವನು. ಇವನು ಹೊಲಿದುಕೊಂಡ. ಕ್ರೇನಿನವನು ಈಗ ಇಲ್ಲ. ಅಂದಿನಿಂದ ಇವನು ಯಾರಿಗೂ, ಯಾವುದಕ್ಕೂ ತಲೆಯಾಡಿಸಿಲ್ಲ.

"ಆ ನಾವಿಕನ ಮಗಳು ಮುಂದಿನ ತಿಂಗಳು ಬರ್ತಾಳೆ. ನಮ್ಮ ಕಾರ್ಮಿಕರ ಸಂಘಕ್ಕೆ ಕಾಗದ ಬರೆದಿದಾಳೆ. ಕುಡುಕನ ಮಗಳು ಅನ್ನಿಸ್ಕೊಂಡು ಬೆಳೆದಳಂತೆ. ಆವತ್ತು ಅಲ್ಲಿದ್ದವರು ಯಾರಾದ್ರೂ ಇದ್ರೆ ಮಾತಾಡಬೇಕಂತೆ."

"ಸಂಘದವರು ದುಭಾಷಿನ ಕರೆಸ್ತಾರಲ್ಲ?"

"ವಿಚಾರಣೆ ಆದಾಗ್ಲೂ ಕರೆಸಿದ್ರು, ಇಲ್ಲಿಗೆ ಬಂದ ಅವಳ ತಾಯಿಗೆ ಆ ಸುಳ್ಳು ಓದಿ ಹೇಳೋಕೆ. ಸನ್ನೆಗಾರ ಅನ್ನೋನು ಒಬ್ಬನೇ ಇರಬೇಕು. ನಡುವೆ ಇನ್ನೊಬ್ಬ ನಿಂತ್ರೆ ಭಾರ ಎಲ್ಲಿ ಬೀಳುತ್ತೋ ಹೇಳಕ್ಕಾಗಲ್ಲ."

ಟೀಚರು ಪೆನ್ನು ತೆಗೆದಳು. ಆಮೇಲೆ ಅಂದಳು: "ಹಾಗಾದ್ರೆ ನಾಲ್ಕು ಮಾತು ಬರ್ಕೊಡ್ತೀನಿ. ಬಾಯಿಪಾಠ ಮಾಡ್ಕೊಂಡು ಹೋಗಿ."

"ಅದನ್ನ ಗಿಳಿನೂ ಮಾಡುತ್ತೆ. ಅವಳು ತಿರುಗಿ ಕೇಳಿದ್ರೆ? ಕೇಳೋಕೇ ಅಲ್ವಾ ಅಷ್ಟು ದೂರದಿಂದ ಬರೋದು?"

ಮರುದಿನದಿಂದ ಅವಳು ಪಾಠ ಮುಗಿದ ಮೇಲೂ ಅರ್ಧ ಗಂಟೆ ಅವನೊಬ್ಬನಿಗೇ ಕಲಿಸಿದಳು. ತಲೆಯಾಡಿಸಿ ಎಂದು ಮತ್ತೆ ಹೇಳಲಿಲ್ಲ.

ಮನೆಯಲ್ಲಿ ಹೆಂಡತಿ ಗೊಣಗಿದಳು. "ಅರವತ್ತಕ್ಕೆ ಅರಳುಮರಳು ಅಂತಾರೆ. ನಿಮಗೆ ಅರವತ್ತೆಂಟು, ಎಂಟು ವರ್ಷ ತಡ ಆಯ್ತು." ಸ್ವಲ್ಪ ಹೊತ್ತಿಗೆ ದನಿ ತಗ್ಗಿಸಿದಳು. "ಸತ್ತವರ ಜೊತೆ ಹೋದ ಮಾತನ್ನ ಯಾಕೆ ಕೆದಕ್ತೀರಿ? ನಾಳೆ ಮೊಮ್ಮಕ್ಕಳಿಗೆ ಯಾವ ಮುಖ ತೋರಿಸ್ತೀರಿ?"

"ಇದೇ ಮುಖ. ಇನ್ನೊಂದು ಎಲ್ಲಿಂದ ತರ್ಲಿ?"

ಅವಳು ಈರುಳ್ಳಿ ಹೆಚ್ಚುತ್ತಾ ಕೂತಳು. ಅವಳಿಗೆ ಓದು ಬಾರದು. ಒಂದು ಸೌಟು ಎತ್ತಿ ಹಿಡಿದು, "ಇದಕ್ಕೆ ಏನಂತಾರೆ?" ಎಂದಳು. ಅವನು ಹೇಳಿದ. ಚಾಕು ತೋರಿಸಿದಳು. ಹೇಳಿದ. ಕಡೆಗೆ ಈರುಳ್ಳಿ ತೋರಿಸಿದಳು. ಅವನಿಗೆ ಬರಲಿಲ್ಲ. "ನಾಳೆ ಕೇಳ್ಕೊಂಡು ಬನ್ನಿ," ಎಂದು ಕಣ್ಣೊರೆಸಿಕೊಂಡಳು. ದಿನಾ ಸಂಜೆ ಅಡುಗೆಮನೆಯ ಒಂದೊಂದೇ ಸಾಮಾನು ಎತ್ತಿ ಹಿಡಿದು ಪರೀಕ್ಷೆ ಮಾಡಿದಳು.

ಆ ದಿನ ಸಂಘದ ಕಚೇರಿಯಲ್ಲಿ ಫ್ಯಾನು ಕಿರುಗುಡುತ್ತಿತ್ತು. ನಾವಿಕನ ಮಗಳು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಮೂವತ್ತು ದಾಟಿದ, ಗಿಡ್ಡ ಕೂದಲಿನ ಹೆಣ್ಣುಮಗಳು. ಪಕ್ಕದಲ್ಲಿ ದುಭಾಷಿ.

"ನೀವು ಸ್ವಲ್ಪ ಹೊರಗಿರಿ ಸಾರ್," ಎಂದ ಮುದುಕ. ದುಭಾಷಿ ಹುಬ್ಬೇರಿಸಿ ಹೊರಗೆ ಹೋದ.

ಮುದುಕ ಕೂರಲಿಲ್ಲ. ಕೈಗಳು ತಾವಾಗಿಯೇ ಮೇಲೇಳುತ್ತಿದ್ದವು. ಹಿಂದಕ್ಕೆ ಕಟ್ಟಿಕೊಂಡ. ಒಂದೊಂದೇ ಮೂಟೆ ಇಳಿಸಿದ ಹಾಗೆ ಪೋರ್ಚುಗೀಸಿನಲ್ಲಿ ಒಂದೊಂದೇ ಮಾತು ಇಳಿಸಿದ.

"ನಿಮ್ಮಪ್ಪ ಕುಡಿದಿರಲಿಲ್ಲ. ಅವರು ಕೆಲಸ ಮಾಡ್ತಿದ್ರು. ನಾನು ತಲೆಯಾಡಿಸಿದೆ. ಭಾರ ಇಳೀತು."

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಅವನಿಗೆ ಮಾತು ತಪ್ಪಿತೇನೋ ಎನಿಸಿ, ಮತ್ತೊಮ್ಮೆ ಮೊದಲಿನಿಂದ ಹೇಳಿದ.

"ತಲೆ ಯಾಕೆ ಆಡಿಸಿದ್ರಿ?" ಎಂದಳು ಅವಳು, ತನ್ನ ಭಾಷೆಯಲ್ಲಿ, ನಿಧಾನವಾಗಿ.

ಎಷ್ಟೋ ಪ್ರಶ್ನೆಗಳಿಗೆ ಅವನು ತಯಾರಾಗಿ ಬಂದಿದ್ದ. ಇದಕ್ಕೂ ಉತ್ತರ ಕಲಿತಿದ್ದ.

"ಒಬ್ಬರು ಟೀ ಬೇಕಾ ಅಂತ ಕೇಳಿದ್ರು."

"ಟೀಗಾ?"

"ಟೀಗೆ."

ಕಿಟಕಿಯಾಚೆ ಕ್ರೇನೊಂದು ತಿರುಗುತ್ತಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ಅವನನ್ನು. "ಆಡಿಸಿದ್ದು ನೀವೇನಾ?"

ಅವನ ಕತ್ತು ತಾನಾಗಿಯೇ ಬಾಗಲು ಹೊರಟಿತು. ಅದನ್ನು ಬಿಗಿಹಿಡಿದ. ಬಾಯಿ ತುಂಬ ಹೇಳಿದ: "ಹೌದು. ನಾನೇ."

ಅವಳ ತಲೆ ಮೆಲ್ಲಗೆ ಕೆಳಗಿಳಿಯತೊಡಗಿತು. ಹೂಂ ಎಂದದ್ದೋ, ಬೇರೆ ಏನೋ, ಅವನಿಗೆ ತಿಳಿಯಲಿಲ್ಲ. ಅದು ಇಳಿದು ಒಂದು ಕಡೆ ನಿಲ್ಲುವ ತನಕ ಮುದುಕ ಅದರ ಮೇಲಿಂದ ಕಣ್ಣು ಕೀಳಲಿಲ್ಲ.