ಒಂಬತ್ತು ಸಾವಿರ ವರ್ಷದ ಮೇಷ್ಟ್ರು

ಕುಳಿ ಮೇಷ್ಟ್ರು ಮಣ್ಣನ್ನು ಹಲ್ಲಿನಲ್ಲಿ ಕಡಿದು ನೋಡದೆ ಅದರ ವಿಷಯವಾಗಿ ಒಂದಕ್ಷರವನ್ನೂ ಆಡುತ್ತಿರಲಿಲ್ಲ. ಚಿಟಿಕೆಯಷ್ಟು ತೆಗೆದು ಮುಂಬಲ್ಲುಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಶ್ರುತಿಗೆ ಕಿವಿಗೊಟ್ಟ ಗವಾಯಿಯಂತೆ ತಲೆಯನ್ನು ಓರೆ ಮಾಡಿ ಒಂದು ಕ್ಷಣ ನಿಲ್ಲುವರು. ಕರಕರ ಎಂದರೆ ಜ್ವಾಲಾಮುಖಿಯ ಬೂದಿ, ನುಣ್ಣಗೆ ಜಾರಿದರೆ ಜೇಡಿ. "ಬೂದಿ. ಎರಡು ಮಾತಿಲ್ಲ" ಎಂದು ಉಗುಳಿದರೆ ಮುಗಿಯಿತು. ಆ 'ಎರಡು ಮಾತಿಲ್ಲ' ಅವರ ಪ್ರತಿ ವಾಕ್ಯದ ಬಾಲ; ಬೆಳಗಿನ ಕಾಫಿ ಆರಿದೆಯೆನ್ನುವುದಕ್ಕೂ ಅದೇ ತೀರ್ಪು. ಅವರ ಕಂದು ಕೋಟಿಗೆ ಎಂಟು ಜೇಬು, ಎಂಟರಲ್ಲೂ ಕಲ್ಲು, ಅದರಲ್ಲೂ ಎಡಗಡೆಗೇ ಭಾರ ಹೆಚ್ಚಾಗಿ ನಡಿಗೆಯೇ ಒಂದಿಷ್ಟು ಎಡಕ್ಕೆ ವಾಲಿಬಿಟ್ಟಿತ್ತು. "ಇವರನ್ನ ಗಾಳಿ ಹಾರಿಸಿಕೊಂಡು ಹೋಗುತ್ತೆ ಅನ್ನೋ ಭಯ ನನಗಂತೂ ಇಲ್ಲ" ಎಂದು ಹೆಂಡತಿ ನೆಂಟರೆದುರು ನಗುತ್ತಿದ್ದರು.

ಊರಿನಾಚೆ ಬಳೆಯಂತೆ ದುಂಡಗಿರುವ ಸರೋವರವೇ ಅವರ ಕುಳಿ. ಭೂಗರ್ಭದಿಂದ ಮೇಲೇರುತ್ತಿದ್ದ ಕರಗಿದ ಶಿಲೆ ಅಂತರ್ಜಲವನ್ನು ಮುಟ್ಟಿದೊಡನೆ ನೀರೆಲ್ಲ ಒಮ್ಮೆಲೇ ಉಗಿಯಾಗಿ ನೆಲವನ್ನೇ ಸಿಡಿಸಿದ ಜಾಗ ಅದು. ಅಲ್ಲಿ ಬೆಟ್ಟ ಏಳಲಿಲ್ಲ, ಲಾವಾ ಹರಿಯಲಿಲ್ಲ, ಒಂದು ಗುಂಡಿ ಉಳಿಯಿತು, ಸುತ್ತ ಬೂದಿಯ ದಿಣ್ಣೆ ಉಳಿಯಿತು, ಕಾಲಾಂತರದಲ್ಲಿ ನೀರು ತುಂಬಿತು. ಯಾವಾಗ ಸಿಡಿಯಿತು? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಮೇಷ್ಟ್ರು ನಡುವಯಸ್ಸು ಕಳೆದರು. ಕೊನೆಗೆ ದಿಣ್ಣೆಯ ಬುಡ ಅಗೆದಾಗ ಬೂದಿಪದರದ ಕೆಳಗೆ ಬೆರಳುದ್ದದ ಇದ್ದಿಲು ಸಿಕ್ಕಿತು. ಸ್ಫೋಟದಲ್ಲಿ ಸುಟ್ಟ ಮರ ಎಂದರು. ಇದ್ದಿಲಿನ ಇಂಗಾಲವನ್ನು ಅಳೆದಾಗ ಒಂಬತ್ತು ಸಾವಿರ ವರ್ಷ ಎಂದು ಬಂತು. ಆ ಅಂಕಿ ಪುಸ್ತಕಗಳನ್ನು ಸೇರಿತು. ಮೇಷ್ಟ್ರಿಗೆ ಹೆಸರು ತಂದಿತು.

ಮೇಷ್ಟ್ರು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಕಲ್ಲು ಕೊಯ್ಯುವ ಕೋಣೆಯಿತ್ತು. ಕಲ್ಲನ್ನು ಬೆಳಕು ತೂರುವಷ್ಟು ತೆಳ್ಳಗೆ ಸೀಳಿ, ಗಾಜಿನ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕಕ್ಕೆ ಸಿದ್ಧಮಾಡಿಕೊಡುತ್ತಿದ್ದಾಕೆಯನ್ನು ಎಲ್ಲರೂ ಕಲ್ಲಕ್ಕ ಎನ್ನುತ್ತಿದ್ದರು. ಇದ್ದಿಲಿನ ಒಂದು ಚೂರನ್ನು ಸೀಳಿದ ಸಂಜೆ ಆಕೆ ಮೆಟ್ಟಿಲು ಹತ್ತಿ ಮೇಲೆ ಬಂದಿದ್ದಳು.

"ಸರ್, ಇದು ಕಾಂಡದ ಇದ್ದಿಲಲ್ಲ, ಬೇರಿಂದು. ಎಷ್ಟೋ ಕಾಲ ಆದಮೇಲೆ ದಿಣ್ಣೆ ಮೇಲೆ ಬೆಳೆದ ಮರದ ಬೇರು ಬೂದೀನ ತೂರಿಕೊಂಡು ಕೆಳಗಿಳಿದಿರಬಹುದು. ಯಾವುದೋ ಕಾಡುಕಿಚ್ಚಲ್ಲಿ ಸುಟ್ಟಿರಬಹುದು."

"ಕೊಯ್ಯೋದು ನಿಮ್ಮ ಕೆಲಸ, ಓದೋದು ನನ್ನ ಕೆಲಸ. ಎರಡು ಮಾತಿಲ್ಲ."

ಹನ್ನೆರಡು ವರ್ಷ ಕಳೆಯಿತು. ಹೊಸ ತಂಡವೊಂದು ಸರೋವರದ ತಳವನ್ನು ಕೊರೆದು ಕೆಸರಿನ ಉದ್ದನೆಯ ಕಂಬಗಳನ್ನು ಮೇಲೆತ್ತಿತು. ಅದರಲ್ಲಿ ವರ್ಷಕ್ಕೊಂದು ಜೋಡಿ ಗೆರೆ, ಒಂದು ಬಿಳುಪು, ಒಂದು ಕಪ್ಪು. ಎಣಿಸುತ್ತಾ ಹೋದವರು ಮೂವತ್ತೊಂದು ಸಾವಿರ ದಾಟಿದರೂ ತಳ ಮುಟ್ಟಿರಲಿಲ್ಲ. ಕುಳಿಗಿಂತ ಅದರೊಳಗಿನ ಕೆಸರು ಹಳೆಯದಾಗಿರಲು ಸಾಧ್ಯವೇ? ಮೂರು ದಿನದ ಸಭೆಯ ಮೊದಲ ದಿನವೇ ತಂಡದ ಮುಖ್ಯಸ್ಥೆ, ತೀರ ಚಿಕ್ಕ ವಯಸ್ಸಿನವಳು, ಕೊಂಕಿಲ್ಲದೆ ಕೇಳಿದಳು:

"ಹಾಗಾದ್ರೆ ಆ ಇದ್ದಿಲು ಎಲ್ಲಿಂದ ಬಂತು, ಸರ್?"

'ನಾನು ತಪ್ಪಿದೆ' ಎನ್ನಲು ಎರಡು ಪದ ಸಾಕಿತ್ತು. ಮೇಷ್ಟ್ರು ನೀರು ಕುಡಿದರು. ತಮ್ಮ ಬಾಯಿಂದ ಹೊರಟ ಮಾತು ಅವರಿಗೇ ಬೇರೆಯವರ ದನಿಯಂತೆ ಕೇಳಿಸಿತು: "ಕೊಯ್ಯೋ ಕೋಣೇಲಿ ಮಾದರಿ ಚೀಲ ಅದಲುಬದಲಾಗಿರಬೇಕು."

ಹಿಂದಿನ ಬಾಗಿಲ ಬಳಿ ಮಾದರಿಗಳ ತಟ್ಟೆ ಹಿಡಿದು ಕಲ್ಲಕ್ಕ ನಿಂತಿದ್ದಳು. ಅವರತ್ತ ನೋಡಲಿಲ್ಲ. ತಟ್ಟೆಯಲ್ಲಿ ಸೊಟ್ಟಗಿದ್ದ ಒಂದು ಚೀಟಿಯನ್ನು ನೆಟ್ಟಗೆ ಮಾಡಿ, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದಳು.

ಅಂದು ಮನೆಯಲ್ಲಿ ಮೇಷ್ಟ್ರು ಊಟದ ತಟ್ಟೆಯನ್ನು ಹಾಗೇ ಸರಿಸಿಬಿಟ್ಟರು. ಹೆಂಡತಿ ಕೆದಕಿದ ಮೇಲೆ ನಡೆದದ್ದನ್ನು ಹೇಳಿದರು. ಆಕೆ ಬೈಯಲಿಲ್ಲ, "ಅವಳು ಎಷ್ಟು ವರ್ಷದಿಂದ ನಿಮ್ಮ ಜೊತೆ ಇದಾಳೆ?" ಎಂದಷ್ಟೇ ಕೇಳಿದರು. "ಹತ್ತೊಂಬತ್ತು" ಎಂದ ಮೇಷ್ಟ್ರಿಗೆ ಬೈಸಿಕೊಂಡಿದ್ದರೇ ಎಷ್ಟೋ ವಾಸಿ ಎನ್ನಿಸಿತು. ಎದ್ದು ಹೋಗಿ ಹಳೆಯ ದಿನಚರಿ ಹುಡುಕಿದರು. ಅವರದೇ ಕೈಬರಹ: 'ಬೇರಿರಬಹುದು ಎನ್ನುತ್ತಾಳೆ ಕಲ್ಲಕ್ಕ. ನೋಡಬೇಕು.' ನೋಡಬೇಕು ಎಂದು ಬರೆದಿದ್ದರು, ಕೆಳಗೆ ಗೆರೆಯನ್ನೂ ಎಳೆದಿದ್ದರು. ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನೆಲಮಾಳಿಗೆಗೆ ಇಳಿದರು. ಕಲ್ಲಕ್ಕ ಯಂತ್ರ ನಿಲ್ಲಿಸಿ ಒದ್ದೆ ಕೈ ಒರೆಸಿಕೊಂಡಳು.

"ತಪ್ಪು ಮಾಡಿದೆ, ತಾಯಿ. ಕ್ಷಮಿಸಿ."

"ನಿನ್ನೆ ಅಲ್ಲಿ ಮೂವತ್ತು ಜನ ಇದ್ರು, ಸರ್. ಇಲ್ಲಿ ನಾನೊಬ್ಬಳೇ ಇದೀನಿ."

ಮೂರನೆಯ ದಿನ ಮೇಷ್ಟ್ರು ಆ ಮೂವತ್ತು ಜನರೆದುರು ನಿಂತು ದಿನಚರಿಯ ಪುಟವನ್ನು ಓದಿದರು. "ಚೀಲ ಬದಲಾಗಲಿಲ್ಲ. ಇವರು ಹೇಳಿದ್ದನ್ನ ನಾನು ಕೇಳಲಿಲ್ಲ. ಮೊನ್ನೆ ಸುಳ್ಳು ಹೇಳಿದೆ" ಎಂದರು. ಆಗ ಆದದ್ದು ಅವರು ಎಣಿಸಿರದ ಸಂಗತಿ. ಸಭೆ ಚಪ್ಪಾಳೆ ತಟ್ಟಿತು. "ಎಂಥ ದೊಡ್ಡ ಮನಸ್ಸು!" ಎಂದು ಯಾರೋ ಕೈ ಕುಲುಕಿದರು, ಮತ್ತೊಬ್ಬರು ಬೆನ್ನು ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಕಲ್ಲಕ್ಕನ ಕಡೆ ಒಬ್ಬರೂ ತಿರುಗಲಿಲ್ಲ. ಹೇಳಿದ ಸುಳ್ಳಿಗಿಂತ ಸಿಕ್ಕಿದ ಹೊಗಳಿಕೆಯೇ ಮೇಷ್ಟ್ರ ಮುಖವನ್ನು ಹೆಚ್ಚು ಸುಟ್ಟಿತು.

ಮುಂದೆ ಬೂದಿಯ ಹರಳುಗಳಿಂದ ಕುಳಿಯ ವಯಸ್ಸು ಎಂಬತ್ತು ಸಾವಿರ ವರ್ಷದ ಆಸುಪಾಸು ಎಂದು ಗೊತ್ತಾಯಿತು. ತಿದ್ದುಪಡಿಯ ಲೇಖನದಲ್ಲಿ ಮೇಷ್ಟ್ರು ಹಟ ಹಿಡಿದು ಆಕೆಯ ಹೆಸರನ್ನೇ ಮೊದಲು ಹಾಕಿಸಿದರು. ಅಷ್ಟರಲ್ಲಿ ಆಕೆ ಬೇರೆ ವಿಭಾಗಕ್ಕೆ ವರ್ಗ ಕೇಳಿ ಹೋಗಿಯಾಗಿತ್ತು. ಮೆಟ್ಟಿಲಲ್ಲಿ ಎದುರಾದರೆ "ಚೆನ್ನಾಗಿದೀರಾ, ಸರ್?" ಎನ್ನುತ್ತಿದ್ದಳು, ಅದೇ ಹಳೆಯ ಮರ್ಯಾದೆಯಲ್ಲಿ. ಮೇಷ್ಟ್ರು ಎರಡು ಮೆಟ್ಟಿಲು ಕೆಳಗಿಳಿದು, ಗೋಡೆಗೊತ್ತಿ ನಿಂತು, ಆಕೆ ದಾಟುವವರೆಗೂ ಕಾಯುತ್ತಿದ್ದರು.

ಪುರಾತನ ಕಾಲವನ್ನು ಅಳೆಯುವ ಈ ಜನರಿಗೆ ಸಾವಿರ ವರ್ಷ ಹೆಚ್ಚುಕಡಿಮೆಯಾದರೆ ಲಜ್ಜೆಯಿಲ್ಲ. ಲೆಕ್ಕ ತಪ್ಪುವುದು ಅವರ ಕಸುಬಿನಲ್ಲಿ ಸಹಜ, ತಿದ್ದುವುದಕ್ಕೆ ಮುಂದಿನವರು ಬಂದೇ ಬರುತ್ತಾರೆ. ಆದರೆ ಪಕ್ಕದಲ್ಲೇ ನಿಂತು ದುಡಿದವರಿಗೆ ಮಾಡಿದ ಅನ್ಯಾಯವನ್ನು ಮುಂದಿನ ಯಾವ ತಂಡವೂ ಬಂದು ತಿದ್ದಿಕೊಡುವುದಿಲ್ಲ. ಅದು ತಮ್ಮ ಪಾಲಿಗೇ ಉಳಿಯುವ ಕೆಲಸವೆಂದು ಇಂಥವರಿಗೆ ತಿಳಿಯುವುದು ಬಹಳ ತಡವಾಗಿ. ತಿಳಿದ ಮೇಲೆ ಅವರು ಮಾತು ಕಡಿಮೆ ಮಾಡುತ್ತಾರೆ, ದಾರಿ ಬಿಡುವುದನ್ನು ಕಲಿಯುತ್ತಾರೆ.