ಎರಡು ಕೈಯ ವಿದ್ಯಾರ್ಥಿನಿ

ಅಕ್ಕತಂಗಿಯರಲ್ಲಿ ಲೇಖಕಿಯಾದ ತಂಗಿಯ ಸಮಗ್ರ ಕೃತಿಗಳು ಅಚ್ಚಿಗೆ ಹೋಗಲು ಒಂದೇ ಒಂದು ಸಾಲು ಅಡ್ಡ ಬಿದ್ದಿತ್ತು: ‘ಇದೇ ನಗರದ ಕಾಲೇಜಿನಲ್ಲಿ ಓದಿದರು.’ ಓದಿಲ್ಲ ಎಂದು ಕಾಲೇಜಿನವರು. ಓದಿದ್ದೇನೆ ಎಂದು ಬಹುಕಾಲದಿಂದ ತಂಗಿ. ಅಲ್ಲಿನ ಹಾಜರಿಯಲ್ಲಿ ಅವಳ ಹೆಸರೇ ಇಲ್ಲ. ಕಟ್ಟುಕತೆ ಬರೆಯುವವಳ ಇನ್ನೊಂದು ಕಟ್ಟುಕತೆ ಎಂದು ಪತ್ರಿಕೆಯವರು ಆಡಿಕೊಂಡೂ ಆಗಿತ್ತು.

ವಿಚಾರಿಸಲು ಬಂದ ಸಂಪಾದಕ ಅಕ್ಕತಂಗಿಯರ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಕೂತಿದ್ದ. ಅಕ್ಕ ಚಹಾ ಕುದಿಯುವುದನ್ನು ನೋಡುತ್ತ ಅವನಿಗೆ ಬೆನ್ನು ಮಾಡಿ ನಿಂತಿದ್ದಳು. ಜೀವಮಾನವೆಲ್ಲ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಇವತ್ತಿಗೂ ಅವಳನ್ನು ಕಂಡರೆ ತಲೆ ನರೆತವರೂ ‘ಟೀಚರ್’ ಎಂದು ಸೈಕಲ್ ಇಳಿಯುತ್ತಿದ್ದರು.

“ನೀವು ಓದಿದ ಆ ಕಾಲೇಜಿನ ಹಳೇ ಮೇಷ್ಟ್ರನ್ನ ಹುಡುಕಿ ಮಾತಾಡಿಸಿದೆ,” ಎಂದ ಸಂಪಾದಕ. “ತಂಗಿಯವರ ನೆನಪಿಲ್ವಂತೆ. ಆದ್ರೆ ಟೀಚರ್, ನಿಮ್ಮನ್ನ ಮರೆಯೋಕೇ ಆಗಲ್ಲ ಅಂದ್ರು. ಒಂದಿನ ಬಲಗೈಲಿ ಬರೀತಿದ್ರಂತೆ, ಮಾರನೇ ದಿನ ಎಡಗೈಲಿ! ಅಂಥ ಪ್ರತಿಭೆ ಮತ್ತೆ ಹುಟ್ಟಲಿಲ್ಲ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು.”

ಮೇಜಿನ ಆಚೆ ಬದಿ ಕೂತಿದ್ದ ತಂಗಿ ಎಡಗೈಯಲ್ಲಿದ್ದ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

“ಆ ಸಾಲು ತೆಗೆದುಬಿಡಿ.”

“ಇಷ್ಟು ವರ್ಷ ಹೇಳಿದ್ದು ಸುಳ್ಳು ಅಂತ ಒಪ್ಕೊಂಡ ಹಾಗಾಗುತ್ತೆ ಮೇಡಂ.”

“ಆಗಲಿ. ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ?”

ನಿಜ ಏನೆಂದು ಅಕ್ಕನಿಗೆ ಗೊತ್ತಿತ್ತು. ಒಬ್ಬಳನ್ನು ಓದಿಸುವಷ್ಟೇ ತ್ರಾಣವಿದ್ದ ಅಪ್ಪ ದೊಡ್ಡವಳನ್ನು ಮಾತ್ರ ಕಾಲೇಜಿಗೆ ಸೇರಿಸಿದ್ದ. ತಾನೂ ಓದಬೇಕೆಂದು ಚಿಕ್ಕವಳು ಊಟ ಬಿಟ್ಟು ಕೂತಳು. ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರು. ದಿನ ಬಿಟ್ಟು ದಿನ ಸರದಿಯಂತೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಅಕ್ಕನ ಹೆಸರು ಕೂಗಿದಾಗ ‘ಪ್ರೆಸೆಂಟ್’ ಎಂದರು. ಹೋದವಳು ಸಂಜೆ ಉಳಿದವಳಿಗೆ ಪಾಠ ಒಪ್ಪಿಸುತ್ತಿದ್ದಳು. ಪರೀಕ್ಷೆ ಬರೆದವಳು ಅಕ್ಕ, ಪದವಿ ಅಕ್ಕನದು, ನೌಕರಿಯೂ ಅಕ್ಕನದು. ನಿಜ ಹೊರಬಿದ್ದರೆ ಆ ಪದವಿಗೇ ಕುತ್ತು. ಅದಕ್ಕೇ ತಂಗಿ ಹೇಗೆ ಓದಿದೆನೆಂದು ಬಾಯಿಬಿಡದೆ ಊರವರ ಚುಚ್ಚುಮಾತು ನುಂಗಿಕೊಂಡು ಬಂದಿದ್ದಳು.

ಅಕ್ಕ ಒಲೆ ಆರಿಸಿ ತಿರುಗಿದಳು. “ಸಾಲು ತೆಗೀಬೇಡಿ. ಬಲಗೈ ನಂದು. ಎಡಗೈ ಇವಳದ್ದು.”

“ಅಂದ್ರೆ?”

“ಒಂದು ಹೆಸರಲ್ಲಿ ಇಬ್ರು ಓದಿದ್ವಿ ಅಂತ.”

“ಅಕ್ಕಾ, ಸುಮ್ನಿರೇ!”

“ನೀನು ಸುಮ್ನಿರು. ನೀನು ಬೀದೀಲಿ ಬೈಸ್ಕೊಂಡು ಬಾ, ನಾನು ಪದವೀನ ಗೋಡೆಗೆ ನೇತುಹಾಕಿ ಧೂಳು ಹೊಡೀತೀನಿ, ಅಲ್ವಾ? ಸಾಕು.”

ಸಂಪಾದಕನಿಗೆ ಈಗ ಅರ್ಥವಾಯಿತು. ದನಿ ತಗ್ಗಿಸಿದ. “ಟೀಚರ್, ಇದು ಅಚ್ಚಾದ್ರೆ ಕಾಲೇಜಿನವ್ರು ಪದವಿ ರದ್ದು ಮಾಡಬಹುದು.”

“ಮಾಡಲಿ! ಇಲ್ಲೇ ಬಂದು, ನನ್ನ ಮುಖ ನೋಡ್ಕೊಂಡು ಮಾಡಲಿ. ಈಗಿರೋ ಪ್ರಿನ್ಸಿಪಾಲನ ತಲೆಗೆ ಭಿನ್ನರಾಶಿ ಹತ್ತಿಸಿದವಳು ನಾನು. ನನ್ನ ಪದವಿ ಸುಳ್ಳಾದ್ರೆ ಅವನು ಕಲಿತಿದ್ದನ್ನೂ ವಾಪಸ್ ಕೊಡಬೇಕಾಗುತ್ತೆ. ಬರ್ಕೊಳ್ಳಿ, ಇದನ್ನೂ ಬರ್ಕೊಳ್ಳಿ!”

ತಂಗಿ ನಗಲು ಹೋಗಿ ಮೂಗು ಒರೆಸಿಕೊಂಡಳು. ಆಮೇಲೆ ಕುರ್ಚಿ ಎಳೆದು ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡಳು.

“ಸರಿ,” ಎಂದು ಸಂಪಾದಕ ಪೆನ್ನು ತೆಗೆದ. “ಮೊದಲನೇ ದಿನ ಕ್ಲಾಸಿಗೆ ಹೋದವರು ಯಾರು?”

“ನಾನು!” ಎಂದರು ಇಬ್ಬರೂ.

“ನೀನೆಲ್ಲಿ? ನಿಂಗೆ ಅವತ್ತು ಜ್ವರ!”

“ಜ್ವರ ಬಂದಿದ್ದು ನಿಂಗೆ ಕಣೇ!”

ಸಂಪಾದಕ ಪೆನ್ನಿಗೆ ಮುಚ್ಚಳ ಹಾಕಿ, ತನ್ನ ಚಹಾ ತಾನೇ ಬಗ್ಗಿಸಿಕೊಂಡ.