ಕಾಲು ಕುಯ್ದ ಬೇರು

ಪೆಟ್ಟಿಗೆ ಜಗಲಿಗೆ ಬಂದಾಗಿತ್ತು. ತಗಡಿನ ಪೆಟ್ಟಿಗೆ; ಮುಚ್ಚಳದ ಮೇಲೆ ನಂಜಪ್ಪನ ಪಲ್ಟನ್ನಿನ ನಂಬರು ಬಿಳಿ ಬಣ್ಣದಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ ನಂಜಪ್ಪನ ಹೆಂಡತಿ ಸರೋಜ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಂಜಪ್ಪನ ದೊಡ್ಡಪ್ಪ ಶಿವಶಂಕರಪ್ಪನಿಗೆ ಎಷ್ಟೋ ಸಲೀಸಾಗುತ್ತಿತ್ತು. ಅಳುವ ಸೊಸೆಗೆ ನಾಲ್ಕು ಸಮಾಧಾನದ ಮಾತು ಹೇಳಿ ತವರಿಗೆ ಕಳಿಸಬಹುದು. ಕಣ್ಣಲ್ಲಿ ಕಣ್ಣಿಟ್ಟು ನೋಡುವವಳನ್ನು ಏನು ಮಾಡುವುದು?

"ಕೊಡ್ಲಿಪೇಟೆ ಬಸ್ಸು ಇನ್ನೇನ್ ಬತ್ತದೆ. ಚಪ್ಪಲಿ ಮೆಟ್ಕೊ. ನಾನೇ ಬಿಟ್ಟು ಬತ್ತೀನಿ," ಎಂದ ಆತ.

"ಬಸ್ಸು ಬರ್ಲಿ ದೊಡ್ಮಾವ. ಹೋಗ್ಲಿ. ನಾನು ಹತ್ತಲ್ಲ."

ಜಗಲಿಯ ನಡುವೆ ಒಂದು ಮೊರ, ಮೊರದಲ್ಲಿ ಒಂದು ಬೇರು. ಮನೆಗೆಲಸದ ಚೋಮಿ ಅದನ್ನು ಬೆಳಿಗ್ಗೆ ಅಕ್ಕಿ ಪೆಟಾರಿಯಲ್ಲಿ ಕಂಡು "ಅಮ್ಮಾರೆ, ಮಾಟ!" ಎಂದು ಕಿರುಚಿ ಓಡಿದ್ದಳು. ಅವಳನ್ನು ತಪ್ಪು ಅನ್ನುವಂತಿಲ್ಲ, ಯಾರು ನೋಡಿದ್ದರೂ ಕಿರುಚುತ್ತಿದ್ದರು. ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಗೇಣುದ್ದದ ಬೇರು. ಅದಕ್ಕೊಂದು ತಲೆ, ಒಂದು ಮೈ, ಎರಡು ಕೈ, ಎರಡು ಕಾಲು. ಥೇಟು ಮನುಷ್ಯನೇ. ಆ ಎರಡು ಕಾಲನ್ನೂ ಮಂಡಿಯ ಹತ್ತಿರ ಚಾಕುವಿನಿಂದ ನುಣ್ಣಗೆ ಕುಯ್ದಿತ್ತು.

ಆ ಮನೆಯಲ್ಲಿ ಮಂಡಿ ಊದಿಕೊಂಡು ಕೂತವರು ಯಾರು? ಸರೋಜಳ ಅತ್ತೆ ಸುಲೋಚನಮ್ಮ. ಒಂದು ವರ್ಷದಿಂದ ಇಬ್ಬರು ಹಿಡಿದು ಎಬ್ಬಿಸಬೇಕಾಗಿದ್ದ ಹೆಂಗಸು. ಇನ್ನು ಪಂಚಾಂಗ ನೋಡುವುದೇನು ಬಂತು? ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ತೀರ್ಮಾನ ಮಾಡಿಬಿಟ್ಟಿತ್ತು. ಗಂಡ ಪಲ್ಟನ್ನಿನಲ್ಲಿ ದೂರ, ಸೊಸೆಗೆ ಅತ್ತೆ ಭಾರ, ಅದಕ್ಕೇ ಮಾಟ ಮಾಡಿ ಊಟಕ್ಕೆ ಮದ್ದು ಹಾಕಿದ್ದಾಳೆ ಎಂದು.

ಶಿವಶಂಕರಪ್ಪ ಸುಲೋಚನಮ್ಮನ ತೀರಿಹೋದ ಗಂಡನ ಅಣ್ಣ. ಪಕ್ಕದ ತೋಟವೇ ಅವನದು. ಕೆಟ್ಟ ಮನುಷ್ಯನಲ್ಲ. ತಮ್ಮ ಸತ್ತ ಮೇಲೆ ಈ ಮನೆಯ ಕಾಫಿ ಹಣ್ಣು ಒಂದೂ ಕಳುವಾಗದಂತೆ ನೋಡಿಕೊಂಡವನು. ಆದರೆ ಅವನ ಹೆಂಡತಿ ದಿನದಿನಕ್ಕೆ ಸೊರಗಿ ಸತ್ತಿದ್ದಳು, ಯಾರೋ ಊಟದಲ್ಲಿ ಮದ್ದು ಹಾಕಿದರು, ತನಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು ಎಂಬುದು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಈ ಸಲ ತಡ ಮಾಡಬಾರದೆಂದು ಕುಶಾಲನಗರದ ಕಡೆಯಿಂದ ಮದ್ದು ಕಕ್ಕಿಸುವವನನ್ನೂ ಕರೆಸಿಕೊಂಡಿದ್ದ. ಆತ ಮೂಲೆಯಲ್ಲಿ ಕೂತು ಯಾವುದೋ ಸೊಪ್ಪನ್ನು ಹಿಂಡಿ ಲೋಟಕ್ಕೆ ರಸ ಇಳಿಸುತ್ತಿದ್ದ.

"ಇನ್ನೊಂದ್ಸಲ ಕೇಳ್ತೀನಿ. ಎಲ್ಲಿಂದ ಬಂತು ಇದು?" ಎಂದ ಶಿವಶಂಕರಪ್ಪ.

"ಇನ್ನೊಂದ್ಸಲ ಹೇಳ್ತೀನಿ. ಕೊರಿಯಾದಿಂದ. ಯುದ್ಧ ಕೈದಿಗಳ ಕಾವಲಿಗೆ ಹೋಗಿದ್ರಲ್ಲ ಇವ್ರು, ಅಲ್ಲಿ ಒಬ್ಬ ಮುದುಕ ಕೈದಿ ಕೊಟ್ಟಿದ್ದು. ಜಿನ್ಸೆಂಗ್ ಅಂತ ಪಲ್ಟನ್ ಡಾಕ್ಟ್ರು ಅಂದ್ರಂತೆ, ಇನ್ಸಾಮ್ ಅಂತ ಆ ಊರೋರು. ಊತಕ್ಕೆ ಒಳ್ಳೇದಂತೆ. ಹೋದ್ಸಲ ರಜಕ್ಕೆ ಬಂದಾಗ ಅತ್ತೆ ಮಂಡಿ ನೋಡಿ ನನ್ ಕೈಗೆ ಕೊಟ್ಟು ಹೋದ್ರು."

"ಊತಕ್ಕೆ ಬೇರು! ಸೋಮವಾರಪೇಟೆ ಡಾಕ್ಟ್ರು ಕೊಟ್ಟ ಮಾತ್ರೆ ಏನಾಯ್ತು?"

"ಹೊಟ್ಟೆ ಉರಿಸ್ತು. ಅತ್ತೆನೇ ಬಚ್ಚಲಿಗೆ ಎಸೆದ್ರು." ಸರೋಜ ಒಂದು ಹೆಜ್ಜೆ ಮುಂದೆ ಬಂದಳು. "ನಮ್ ರಕ್ತದಲ್ಲಿ ಬಿಳೀ ಕಣ ಅಂತ ಇರ್ತವಂತೆ ದೊಡ್ಮಾವ. ಮೈ ಕಾಯೋ ನಾಯಿಗಳಿದ್ದಂಗೆ. ರೋಗ ಬಂದ್ರೆ ಕಚ್ಚಿ ಓಡಿಸ್ತವೆ. ಒಂದೊಂದ್ಸಲ ಕಳ್ಳನೇ ಇಲ್ದೆ ಇದ್ರೂ ಬೊಗಳಿ ಮನೆಯೋರ್ನೇ ಕಚ್ತವೆ, ಅದೇ ಊತ. ಈ ಬೇರು ಆ ನಾಯಿಗಳ್ನ ಸುಮ್ಕಿರಿಸ್ತದೆ ಅಂತ ಆ ಡಾಕ್ಟ್ರೇ ಇವ್ರಿಗೆ ಹೇಳಿದ್ರಂತೆ."

ಬೇಲಿಯಾಚೆ ಗುಂಪುಗೂಡಿ ನಿಂತಿದ್ದ ಊರವರು ನಕ್ಕರು. ಮೈಯೊಳಗೆ ನಾಯಿಯಂತೆ! ಶಿವಶಂಕರಪ್ಪ ಮಾತ್ರ ನಗಲಿಲ್ಲ.

"ಒಳ್ಳೇದಾದ್ರೆ ಮುಚ್ಚಿಟ್ಟಿದ್ದೇಕೆ?"

"ತೋರಿಸಿದ್ರೆ ನೀವು ಇವತ್ತು ಮಾಡ್ತಿರೋದನ್ನ ಅವತ್ತೇ ಮಾಡ್ತಿದ್ರಿ."

ಎಲಾ ಹುಡುಗಿ! ಹಿರಿಯರೆದುರು ಹೀಗೆ ಮಾತಾಡಿದವರನ್ನು ಆ ಜಗಲಿ ಕಂಡಿರಲಿಲ್ಲ. ಮದ್ದು ಹಾಕಿದವಳೆಂಬ ಹೆಸರು ಹೊತ್ತು ಈ ಮೆಟ್ಟಿಲಿಳಿದರೆ ಮತ್ತೆ ಹತ್ತುವಂತಿಲ್ಲ, ತವರಿನಲ್ಲೂ ಅವಳು ಬಡಿಸಿದ ಅನ್ನವನ್ನು ಯಾರೂ ಬಾಯಿಗಿಡುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮದ್ದು ಕಕ್ಕಿಸುವವನು ಹಸಿರು ರಸದ ಲೋಟ ಹಿಡಿದು ಎದ್ದ. "ಅಮ್ಮನೋರು ಇದನ್ನ ಕುಡೀಲಿ. ಹೊಟ್ಟೇಲಿ ಮದ್ದಿದ್ರೆ ಕಕ್ಕೇ ಕಕ್ತಾರೆ. ಸತ್ಯ ಹೊರಗೆ ಬೀಳ್ತದೆ."

"ಆ ರಸ ಕುಡಿದ್ರೆ ಎಮ್ಮೆನೂ ಕಕ್ತದೆ," ಎಂದಳು ಸರೋಜ. "ಮೊದ್ಲು ನೀವು ಕುಡೀರಿ. ನಿಮ್ ಹೊಟ್ಟೇಲಿ ಮದ್ದಿಲ್ವಲ್ಲ, ಕಕ್ಬಾರ್ದು. ಕುಡೀರಿ, ಎಲ್ರೂ ನೋಡ್ಲಿ."

ಆತ ಲೋಟವನ್ನು ನೋಡಿದ. ಶಿವಶಂಕರಪ್ಪನನ್ನು ನೋಡಿದ. ಕುಡಿಯಲಿಲ್ಲ. ಚೋಮಿ ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದಳು.

ಇಷ್ಟು ಹೊತ್ತೂ ಸುಲೋಚನಮ್ಮ ಹೊಸ್ತಿಲ ಒಳಗೆ ಕಾಲು ಚಾಚಿ ಕೂತಿದ್ದಳು. ಅವಳು ಯಾರ ಕಡೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅತ್ತೆ ಸೊಸೆಗೆ ಎಣ್ಣೆ ಸೀಗೆಕಾಯಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಮ್ಮೆ, ಕಡಿಮೆಯಾಯಿತೆಂದು ಒಮ್ಮೆ ಅವಳು ಕೂಗುವುದು ರಸ್ತೆಯವರೆಗೂ ಕೇಳಿಸುತ್ತಿತ್ತು.

"ಏ ಚೋಮಿ, ಆ ಮೊರ ಇಲ್ಲಿ ತಾ."

ಚೋಮಿ ಮುಟ್ಟಲಿಲ್ಲ. ಸರೋಜಳೇ ತಂದು ಅತ್ತೆಯ ಮುಂದಿಟ್ಟಳು. ಸುಲೋಚನಮ್ಮ ಬೇರನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದಳು. ದಿನಾ ಕಹಿ ಕಷಾಯ ಕುಡಿಯುತ್ತಿದ್ದಳೇ ಹೊರತು ಅದರ ಬೇರನ್ನು ಕಂಡದ್ದು ಇದೇ ಮೊದಲು.

"ಇದನ್ನಾ ನೀ ನಂಗೆ ಕುಡಿಸಿದ್ದು?"

"ಹೂಂ ಅತ್ತೆ."

"ಕಾಲೇ ಯಾಕೆ ಕುಯ್ದೆ?"

"ಆ ತುದಿ ಸಣ್ಣ ಇತ್ತು. ಕುಯ್ಯಾಕೆ ಸುಲಭ. ಶುಂಠಿ ಕುಯ್ಯಲ್ವ, ಹಂಗೆ." ಅಲ್ಲಿಯವರೆಗೆ ಗಟ್ಟಿಯಾಗಿದ್ದ ಸರೋಜಳ ದನಿ ಈಗ ಒಡೆಯಿತು. "ಗೊಂಬೆ ಅಂತ ನಂಗೆ ಹೊಳೀಲೇ ಇಲ್ಲ ಅತ್ತೆ."

"ನಿನ್ ಬುದ್ಧಿಗಿಷ್ಟು," ಎಂದಳು ಸುಲೋಚನಮ್ಮ.

ಶಿವಶಂಕರಪ್ಪ ಉಸಿರು ಬಿಟ್ಟು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ. ಆಗ ಸುಲೋಚನಮ್ಮ ಬಾಗಿಲ ಚೌಕಟ್ಟು ಹಿಡಿದಳು. "ಅಯ್ಯಪ್ಪಾ" ಎಂದು ಹಲ್ಲು ಕಚ್ಚಿ ಒಂದು ಮಂಡಿ ಎತ್ತಿದಳು, ಇನ್ನೊಂದನ್ನು ಎಳೆದುಕೊಂಡಳು, ಎದ್ದು ನಿಂತಳು. ಯಾರೂ ಹಿಡಿಯಲಿಲ್ಲ. ಊತ ಇನ್ನೂ ಇತ್ತು, ನೋವೂ ಇತ್ತು. ಬೇರಿನಿಂದಲೋ, ಮಳೆ ಚಳಿ ಹಿಂದಾಗಿ ಬಿಸಿಲು ಬಂದದ್ದರಿಂದಲೋ, ಬರಿಯ ಸಿಟ್ಟಿನಿಂದಲೋ ಹೇಳುವವರು ಯಾರು? ಅಂತೂ ಎದ್ದಳು.

"ಭಾವ, ಪೆಟ್ಟಿಗೆ ಬಿಡಿ."

"ಸುಲೋಚನ, ನಿಂಗೆ ತಿಳಿಯಲ್ಲ..."

"ಮಂಡಿ ನಂದು. ಬಾಯಿ ನಂದು. ಕುಡಿದೋಳು ನಾನು. ನಂಗೆ ತಿಳೀದೆ ಇನ್ಯಾರಿಗೆ ತಿಳಿಯತ್ತೆ? ಅವಳು ಹಾಕಿದ್ದು ಮದ್ದೇ ಅಂತ ಇಟ್ಕಳಿ. ನಂಗೆ ಒಗ್ಗೈತೆ. ನಾಳೆನೂ ಕುಡೀತೀನಿ, ನಾಡಿದ್ದೂ ಕುಡೀತೀನಿ."

"ನನ್ನೋಳೂ ಹಿಂಗೇ ಅಂದ್ಲು, ಏನಿಲ್ಲ ಏನಿಲ್ಲ ಅಂತ," ಎಂದ ಶಿವಶಂಕರಪ್ಪ. "ಕಡೆಗೇನಾಯ್ತು?"

ಸುಲೋಚನಮ್ಮ ಅವನನ್ನು ನೋಡಿದಳು. ಅವಳ ದನಿ ತಗ್ಗಿತು, ಆದರೆ ಮಾತು ತಗ್ಗಲಿಲ್ಲ. "ಅಕ್ಕನಿಗೆ ಯಾರೂ ಏನೂ ಹಾಕ್ಲಿಲ್ಲ ಭಾವ. ಅಕ್ಕನಿಗೆ ಕಾಯಿಲೆ ಇತ್ತು. ನಾನೇ ಬಳಿದು ತೊಳೆದೋಳು, ನಂಗೊತ್ತು. ಆಗ್ಲೂ ನೀವು ಹಿಂಗೇ ಯಾರನ್ನೋ ಹುಡುಕ್ತಾ ಇದ್ರಿ. ಅವಳು ನಿಮ್ಮನ್ನ ಪಕ್ಕದಲ್ಲಿ ಕೂತ್ಕಳಿ ಅಂತಿದ್ಲು."

ಶಿವಶಂಕರಪ್ಪನ ಕೈ ಪೆಟ್ಟಿಗೆಯ ಹಿಡಿಯಿಂದ ತಾನಾಗಿ ಜಾರಿತು. ಅಂಗಳದಲ್ಲಿ ಒಣಹಾಕಿದ್ದ ಕಾಫಿಯನ್ನು ಕೋಳಿಗಳು ಕೆದಕುತ್ತಿದ್ದವು, ಓಡಿಸಲೂ ಯಾರಿಗೂ ನೆನಪಾಗಲಿಲ್ಲ.

ಕೆಳಗಿನ ತಿರುವಿನಲ್ಲಿ ಬಸ್ಸು ಹಾರನ್ ಹಾಕಿತು. ಸುಲೋಚನಮ್ಮ ಗೋಡೆ ಹಿಡಿದುಕೊಂಡು ಬಂದು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು. ತಗಡು ಒಳಗೆ ತಗ್ಗಿ ಸದ್ದು ಮಾಡಿತು.

"ಈಗ ತಗೊಂಡೋಗೋರು ಎತ್ಕಂಡು ಹೋಗಿ, ನೋಡೋಣ. ಲೇ ಸರೋಜ, ಕಂಬದ ಥರ ಏನ್ ನಿಂತಿದ್ದೀಯ? ಇವತ್ತಿಂದು ಇನ್ನೂ ಕುಡಿಸಿಲ್ಲ. ಈ ಸಲ ಕೈ ಕಡೆಯಿಂದ ಕುಯ್ಯಿ, ಕಾಲು ಬಿಡು ಪಾಪ." ಸರೋಜ ಬೇರು ಎತ್ತಿಕೊಂಡು ಒಳಗೆ ತಿರುಗುವಷ್ಟರಲ್ಲಿ ಮತ್ತೆ ಕೂಗಿದಳು. "ಬೆಲ್ಲ ಹಾಕು ಒಂಚೂರು! ನಿನ್ನೆ ಬಾಯಿಗಿಡಾಕೆ ಆಗ್ಲಿಲ್ಲ."

ಮದ್ದು ಕಕ್ಕಿಸುವವನು ಹಸಿರು ರಸವನ್ನು ಮೆಲ್ಲಗೆ ದಾಸವಾಳದ ಬುಡಕ್ಕೆ ಚೆಲ್ಲಿದ. ಬೇಲಿಯಾಚೆಯ ಜನ ಒಬ್ಬೊಬ್ಬರಾಗಿ ಕರಗಿದರು. ಶಿವಶಂಕರಪ್ಪ ಮಾತ್ರ ಹೋಗಲಿಲ್ಲ. ಜಗಲಿಯ ಅಂಚಿನಲ್ಲಿ, ತಮ್ಮನ ಹೆಂಡತಿಗೆ ಬೆನ್ನು ಮಾಡಿ ಕುಳಿತ.

ಬಸ್ಸು ತಿರುವಿನಲ್ಲಿ ನಿಂತು ಮತ್ತೊಮ್ಮೆ ಹಾರನ್ ಹಾಕಿ, ಯಾರೂ ಬಾರದ್ದು ನೋಡಿ ಹೊರಟಿತು. ಒಳಗಿನಿಂದ ಬೇರು ಕುದಿಯುವ ಕಹಿ ವಾಸನೆ ಬಂತು. ಸರೋಜ ಎರಡು ಲೋಟ ತಂದಳು. ಒಂದನ್ನು ಅತ್ತೆಯ ಕೈಗೆ ಕೊಟ್ಟಳು. ಇನ್ನೊಂದರಲ್ಲಿ ಕಾಫಿ ಇತ್ತು. ಅದನ್ನು ಶಿವಶಂಕರಪ್ಪನ ಪಕ್ಕದಲ್ಲಿಟ್ಟು, ಅಲ್ಲೇ ನಿಂತಳು.

ಆತ ಲೋಟವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎತ್ತಿಕೊಂಡು ಕುಡಿದ.